ಗೂಬೆಗಳು ಅವರ ಇಳಿಜಾರಿಗೆ ಬಂದವು

ಎರಡು ಸಾವಿರದ ಐದರ ಸುಮಾರಿಗೆ ಸ್ಯಾನ್ ಡಿಯೇಗೊದಲ್ಲಿ, ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯ ಹೊಸ ಮನೆಗಳಿಂದ ಸ್ವಲ್ಪ ದೂರದ ಒಂದು ಸಂರಕ್ಷಿತ ಹುಲ್ಲುಗಾವಲನ್ನು ನಾನು ನೋಡಿಕೊಳ್ಳುತ್ತಿದ್ದೆ. ಕಾಡುಸಾಸಿವೆ ಕೀಳಿಸುವುದು, ಹುಲ್ಲು ಎತ್ತರ ಬೆಳೆಯದಂತೆ ಕುರಿ ಮೇಯಿಸುವುದು, ನೋಡಲು ಬಂದವರು ದಾರಿ ಬಿಟ್ಟು ಹೋಗದಂತೆ ಕಾಯುವುದು ನನ್ನ ಕೆಲಸ. ಧಾರವಾಡದ ಕಡೆಯ ಗೆಳತಿಯೊಬ್ಬರನ್ನು ಸ್ವಯಂಸೇವಕಿಯಾಗಿ ಕರೆತಂದವಳೂ ನಾನೇ. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಹೊತ್ತೇ ಹೋಗುವುದಿಲ್ಲ ಎಂದಿದ್ದರು. ಹುಲ್ಲುಗಾವಲಿನ ಪಶ್ಚಿಮದ ಇಳಿಜಾರನ್ನು ಅವರಿಗೆ ಒಪ್ಪಿಸಿ ಪೂರ್ವದ್ದನ್ನು ನಾನಿಟ್ಟುಕೊಂಡೆ.

ನೆಲದ ಬಿಲಗಳಲ್ಲಿ ಮರಿ ಮಾಡುವ ಪುಟ್ಟ ಗೂಬೆಗಳು ಮರಳಿ ಬರಲೆಂದು ಇಬ್ಬರೂ ಸೇರಿ ಎರಡೂ ಕಡೆ ಪೈಪು ಹೂತು ಬಿಲ ಮಾಡಿದೆವು. ವಸಂತದಲ್ಲಿ ಒಂದು ಜೋಡಿ ಬಂತು. ಅವರ ಕಡೆಗೆ.

"ನೋಡ್ರಿ, ನಮ್ಮೂರಾಗ ಗೂಬಿ ಕಂಡ್ರ ಬಾಗ್ಲಾ ಹಾಕ್ಕೋತಾರ. ಇಲ್ಲಿ ನಾ ಕುಣ್ಯಾಕತ್ತೀನಿ!" ಎಂದು ನನ್ನ ಕೈ ಹಿಡಿದುಕೊಂಡರು. ನಾನೂ ನಕ್ಕೆ. ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗಿತ್ತು.

ಲಾಸ್ ಏಂಜಲೀಸಿನಿಂದಲೂ ಜನ ಡ್ರೈವ್ ಮಾಡಿಕೊಂಡು ಬರತೊಡಗಿದರು. ಕ್ಯಾಮೆರಾದವರೆಲ್ಲ ಗೆಳತಿಯ ಸುತ್ತ. ನಾನು ಪಾರ್ಕಿಂಗ್ ತೋರಿಸುತ್ತ ನಿಂತೆ. ನನ್ನ ಮಗಳು ಕೂಡ "ಆಂಟಿ ಈಸ್ ಸೋ ಕೂಲ್" ಅಂದಳು. ನನ್ನ ಬಿಲಗಳ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ಒಂದು ಸಂಜೆ ಒಬ್ಬಳೇ ಹೋಗಿ ಬಲೆ ತೆಗೆದೆ, ಸುತ್ತಲ ಹುಲ್ಲನ್ನು ಇನ್ನಷ್ಟು ಗಿಡ್ಡ ಮಾಡಿದೆ. ಯಾವ ಗೂಬೆಯೂ ಇತ್ತ ತಿರುಗಿ ನೋಡಲಿಲ್ಲ.

ಮರಿಗಳಾದ ಮೇಲೆ ಜನ ದಾರಿ ಬದಿಗೆ ಕಟ್ಟಿದ್ದ ಹಗ್ಗ ದಾಟಿ ಬಿಲದ ಹತ್ತಿರ ಹೋಗತೊಡಗಿದರು. ದಾರಿ ಮುಚ್ಚಬೇಕಿತ್ತು. ಮುಚ್ಚಿದರೆ ಹೊಟ್ಟೆಕಿಚ್ಚಿಗೆ ಮುಚ್ಚಿದಳು ಅಂದಾರು ಎಂದು ಹಿಂದೆಮುಂದೆ ನೋಡುತ್ತಿದ್ದೆ. ಅಷ್ಟರಲ್ಲಿ ಗೆಳತಿಯೇ ಬಂದರು.

"ಈ ದಾರಿ ಬಂದ್ ಮಾಡ್ರಿ. ತಾಯಿಗೂಬಿ ಬಿಲದ ಹತ್ರ ಬರವಲ್ದು."

"ಜನ ಬೇಜಾರ್ ಮಾಡ್ಕೋತಾರಲ್ಲ?"

"ಮಾಡ್ಕೊಳ್ಳಲಿ ಬಿಡ್ರಿ. ಮರಿ ಉಪಾಸ ಅದಾವ."

ಅವತ್ತೇ ಆ ದಾರಿಯ ಗೇಟಿಗೆ ಸರಪಳಿ ಹಾಕಿದೆ. ಮೇಲ್ವಿಚಾರಕಿ ನಾನು, ಆಡಬೇಕಾದ ಮಾತು ಆಡಿದವರು ಅವರು. ಅದಕ್ಕೂ ಹೊಟ್ಟೆ ಉರಿಯಿತು.

ಮರಿಗಳೆಲ್ಲ ಹಾರಿದವು. ಮುಂದಿನ ವರ್ಷ ಅವರ ಗಂಡನಿಗೆ ಲಾಸ್ ಏಂಜಲೀಸ್ ಬಳಿಯ ಬರ್ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಅವರು ಹೊರಟುಹೋದರು. ಎರಡೂ ಇಳಿಜಾರು ನನ್ನ ಪಾಲಿಗೆ ಬಂದವು. ಗೂಬೆಗಳು ಮತ್ತೆ ಪಶ್ಚಿಮಕ್ಕೇ ಬಂದವು, ಬಂದವರಿಗೆ ನಾನೇ ತೋರಿಸಿದೆ. ವಯಸ್ಸಾದ ಒಬ್ಬರು ದುರ್ಬೀನು ಇಳಿಸಿ, ಹೋದ ವರ್ಷ ಇಲ್ಲಿ ನಗುನಗುತ್ತ ವಿವರಿಸುತ್ತಿದ್ದ ಆಕೆ ಎಲ್ಲಿ ಎಂದು ಕೇಳಿದರು. ಊರು ಬಿಟ್ಟರು ಎಂದೆ. ಕೇಳಿದವರ ಮುಖ ಬಾಡಿದ್ದನ್ನು ನೋಡಿ, ಬೇರೆಯವರ ಕಡೆ ತಿರುಗಿ ಮಾತು ಮುಂದುವರಿಸಿದೆ.