ಹಡಗಿನ ಪುರಾಣ

ಯಾವುದಾದರೂ ಒಂದು ತಿಂಗಳಲ್ಲಿ ಓದಿದ ಪುಸ್ತಕಗಳ ಬಗ್ಗೆ ಬರೆದುಕೊಡಿ ಎಂದು ಗೆಳೆಯರೊಬ್ಬರು ತಮ್ಮ ಸಣ್ಣ ಪತ್ರಿಕೆಗಾಗಿ ಕೇಳಿದರು. ನನಗೆ ಕೂಡಲೇ ನೆನಪಾದದ್ದು ತೊಂಬತ್ತರ ದಶಕದ ಒಂದು ಶ್ರಾವಣ, ಜೋಗುಪಾಳ್ಯದ ಬಾಡಿಗೆಯ ಮಹಡಿ ಮನೆ. ಕೂತು ಬರೆದೆ. ಬರೆದದ್ದು ಚೆನ್ನಾಗಿದೆ ಅನ್ನಿಸಿ ಹೆಂಡತಿಗೆ ಓದಲು ಕೊಟ್ಟೆ. ಅವಳು ಕೊನೆಯ ಪುಟಕ್ಕೆ ಬಂದವಳೇ ನಗತೊಡಗಿದಳು. ಅಲ್ಲಿ ನಗುವಂಥದ್ದೇನೂ ಇರಲಿಲ್ಲ; ನನ್ನ ಮಟ್ಟಿಗೆ ಅದು ಕಣ್ಣು ತೇವವಾಗಬೇಕಾದ ಜಾಗ. ಹಾಗಾಗಿ ಈಗ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಈ ಸಲವೂ ಎಷ್ಟು ನಿಜ ಬರೆಯುತ್ತೇನೋ ತಿಳಿಯದು.

ಆಗ ಅವಳು ತುಂಬು ಬಸುರಿ. ಅದಕ್ಕೂ ಹಿಂದಿನ ವರ್ಷ ಒಂದು ಮಗು ಹುಟ್ಟುವ ಮೊದಲೇ ಹೋಗಿತ್ತು. ಈ ಸಲ ಡಾಕ್ಟರು ಕಡೆಯ ತಿಂಗಳುಗಳಲ್ಲಿ ಹಾಸಿಗೆ ಬಿಟ್ಟು ಏಳಕೂಡದು, ಆದಷ್ಟೂ ಎಡಮಗ್ಗುಲಾಗಿಯೇ ಮಲಗಬೇಕು ಎಂದಿದ್ದರು. ಅವಳು ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಪುಸ್ತಕ ಹಿಡಿದರೆ ಕೈ ಜೋಮು ಹಿಡಿಯುತ್ತಿತ್ತು. ಹಾಗಾಗಿ ಓದುವ ಕೆಲಸ ನನ್ನದಾಯಿತು.

ನಾನು ಶಿವಾಜಿನಗರದ ಒಂದು ಕಾಲೇಜಿನಲ್ಲಿ ಬೆಳಗಿನ ತರಗತಿಗಳಿಗೆ ತರ್ಕಶಾಸ್ತ್ರ ಹೇಳುತ್ತಿದ್ದೆ. ಮಧ್ಯಾಹ್ನ ಬರುವಾಗ ಬಸ್ ನಿಲ್ದಾಣದ ಬಳಿ ಗೋಣಿತಟ್ಟಿನ ಮೇಲೆ ಹರಡಿದ್ದ ಹಳೆ ಪುಸ್ತಕಗಳಲ್ಲಿ ಒಂದನ್ನು, ಇಲ್ಲವೇ ಹಲಸೂರು ಮಾರ್ಕೆಟ್ಟಿನ ಹತ್ತಿರದ ಬಾಡಿಗೆ ಪುಸ್ತಕದಂಗಡಿಯಿಂದ ಒಂದನ್ನು ತರುತ್ತಿದ್ದೆ. ಆ ತಿಂಗಳು ಮನೆಗೆ ಬಂದ ಪುಸ್ತಕಗಳಿಗೆ ಒಂದಕ್ಕೊಂದು ನಂಟಿರಲಿಲ್ಲ. ರಟ್ಟು ಹರಿದ ಪತ್ತೇದಾರಿ ಕಾದಂಬರಿ, ಹಿಮಾಲಯದ ಯಾತ್ರೆಯ ಕಥನ, ಎರೆಹುಳು ಗೊಬ್ಬರದ ಮೇಲಿನ ಪುಸ್ತಕ, ಮನೆ ಕಟ್ಟುವವರಿಗೆ ವಾಸ್ತು ಹೇಳುವ ಪುಸ್ತಕ (ಇದನ್ನು ಜಗಳವಾಡಲೆಂದೇ ತಂದಿದ್ದೆ), ಮನುಷ್ಯನ ಮರೆವಿನ ಬಗ್ಗೆ ಇಂಗ್ಲಿಷಿನ ಒಂದು ದಪ್ಪ ಪುಸ್ತಕ. ಈ ಕೊನೆಯದನ್ನು ನನಗೆ ನಾನೇ ಓದಿಕೊಂಡೆ. ಅದರಲ್ಲಿ ಏನಿತ್ತೆಂದು ಈಗ ಮರೆತಿದೆ.

ಯಾವುದನ್ನೂ ಮುಗಿಸಲಿಲ್ಲ. ಅದು ನನ್ನ ಹಳೆಯ ಅಭ್ಯಾಸ. ಲೇಖಕ ಯಾವ ಕಡೆ ಹೊರಟಿದ್ದಾನೆಂದು ಅಂದಾಜು ಸಿಕ್ಕ ಕೂಡಲೇ ನನಗೆ ಅವನ ಸಹವಾಸ ಸಾಕೆನ್ನಿಸುತ್ತದೆ. ಆ ತಿಂಗಳಂತೂ ಒಂದು ಕಡೆ ಕೂರುವುದೇ ಕಷ್ಟವಾಗಿತ್ತು. ಒಂದು ಪ್ಯಾರಾ ಓದುವುದು, ಎದ್ದು ಕಿಟಕಿಗೆ ಹೋಗುವುದು, ಮಿಲಿಟರಿಯವರ ಮೈದಾನದಿಂದ ಬರುವ ಕಹಳೆ ಕೇಳುವುದು, ಹಲಸೂರು ಕೆರೆಯ ವಾಸನೆ ಬಂದರೆ ಕಿಟಕಿ ಮುಚ್ಚುವುದು, ಸೆಕೆಯೆಂದು ಮತ್ತೆ ತೆರೆಯುವುದು. ಪ್ರತಿ ಸಲ ತಿರುಗಿ ಬಂದಾಗಲೂ ಅವಳ ಮುಖ ನೋಡುತ್ತಿದ್ದೆ. ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಾಗದಂತೆ ನೋಡುತ್ತಿದ್ದೆ ಅಂದುಕೊಂಡಿದ್ದೆ.

ನಮ್ಮ ಕಿಟಕಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದ ಒಂದೇ ಕೋಣೆಯಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ. ಗಂಡ ಇಂದಿರಾನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವನ ಹೆಂಡತಿ ಬೆಳಿಗ್ಗೆ ಅಲ್ಲಿಯೇ ನಾಲ್ಕಾರು ಮನೆಗಳ ಕೆಲಸ ಮುಗಿಸಿ ಮಧ್ಯಾಹ್ನ ಬಟ್ಟೆ ಒಗೆಯಲು ಕೂರುತ್ತಿದ್ದಳು. ನನ್ನ ಓದು ಅವಳ ಕಿವಿಗೆ ಬೀಳುತ್ತಿದೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಒಂದು ದಿನ ಅವಳು ಮೆಟ್ಟಿಲು ಹತ್ತಿ ಬಂದಳು. ಮಿಂದು ತಲೆ ಬಾಚಿದ್ದಳು. ಕೈಯಲ್ಲಿ ತೆಂಗಿನಕಾಯಿ, ಊದುಬತ್ತಿ, ಪುಟ್ಟ ಬಟ್ಟಲಲ್ಲಿ ಸಕ್ಕರೆ. ಅವನ್ನು ನನ್ನ ಮುಂದಿಟ್ಟು ಹೊಸ್ತಿಲ ಬಳಿ ಸೆರಗು ಹೊದ್ದು ಕೂತಳು. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಓದು ಮುಂದುವರಿಸಿದೆ. ಅಂದು ಎರೆಹುಳುವಿನ ಸರದಿ. ಎರೆಹುಳುವಿಗೆ ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಅದು ನೆಲದ ನಡುಕವನ್ನು ಬಲ್ಲದು ಎಂದು ಓದಿದಾಗ ಅವಳು ಕಣ್ಣು ಮುಚ್ಚಿ ಕೈಮುಗಿದಳು. ಹೆಂಡತಿ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಇದು ಗೊಬ್ಬರದ ಪುಸ್ತಕ ಎಂದೆ. ಅವಳು ನಂಬಲಿಲ್ಲ.

"ಶ್ರಾವಣದಾಗ, ಬಸುರಿ ಹೆಣ್ಮಗಳ ಮುಂದ ಕುಂತು ದಿನಾ ಗಟ್ಟ್ಯಾಗಿ ಓದ್ಲಕತ್ತೀರಿ. ಪುರಾಣ ಹಚ್ಚಿಲ್ಲಂದ್ರ ಮತ್ತೇನ್ರಿ ಸರ?"

ಅವರ ಊರಿನಲ್ಲಿ ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರಂತೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ, ತಿಂಗಳು ತುಂಬಿದಾಗ ಮಂಗಳ. ಬೆಂಗಳೂರಿಗೆ ಬಂದಮೇಲೆ ಅದೆಲ್ಲ ತಪ್ಪಿಹೋಗಿತ್ತು, ಈಗ ತಲೆಯ ಮೇಲೇ ಪುರಾಣ ನಡೆದಿದೆಯಲ್ಲ ಎಂದು ಅವಳಿಗೆ ಖುಷಿಯಾಗಿತ್ತು. ಒಂದೇ ಆಕ್ಷೇಪವೆಂದರೆ ನಾನು ದಿನಕ್ಕೊಂದು ಪುರಾಣ ಬದಲಿಸುತ್ತಿದ್ದೇನೆ. ಮೊನ್ನೆ ಒಂದು ಕೊಲೆ ಆಗಿತ್ತು, ನಿನ್ನೆ ಹಿಮದಲ್ಲಿ ಯಾರೋ ದಾರಿ ತಪ್ಪಿದ್ದರು, ಇವತ್ತು ಹುಳ. ಹಚ್ಚಿದ ಪುರಾಣವನ್ನು ನಡುವೆ ಬಿಡಬಾರದು, ಬಿಟ್ಟರೆ ಎಂದು ಹೇಳಹೊರಟವಳು ಹೆಂಡತಿಯ ಹೊಟ್ಟೆಯ ಕಡೆ ನೋಡಿ ಮಾತು ನಿಲ್ಲಿಸಿದಳು. ಬಟ್ಟಲು ಎತ್ತಿಕೊಂಡು ಇಳಿದು ಹೋದಳು.

ಆ ನಿಂತ ಮಾತು ಕೋಣೆಯಲ್ಲೇ ಉಳಿಯಿತು. ನಾನು ಹೆಂಡತಿಗೆ ತರ್ಕ ಹೇಳಿದೆ. ಪುಸ್ತಕವನ್ನು ಅರ್ಧಕ್ಕೆ ಬಿಡುವವರು ಊರತುಂಬ ಇದ್ದಾರೆ, ಅವರಿಗೆಲ್ಲ ಮಕ್ಕಳಾಗಿವೆ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದೆ. ಅವಳು ಗೋಡೆಯನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನಂಗೂ ಅದರಲ್ಲೆಲ್ಲ ನಂಬಿಕೆ ಇಲ್ಲ ರೀ. ಆದ್ರೂ ಒಂದನ್ನಾದ್ರೂ ಪೂರ್ತಿ ಓದ್ಬಿಡಿ."

ಮರುದಿನ ನಾನು ಬಾಡಿಗೆ ಅಂಗಡಿಯಿಂದ ತಂದದ್ದು ಸರಕು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಕರಾವಳಿಯವನೊಬ್ಬನ ಅನುಭವ ಕಥನ. ಅಧ್ಯಾಯಗಳು ಚಿಕ್ಕವು ಎಂಬುದೊಂದೇ ಅದನ್ನು ಆರಿಸಲು ಕಾರಣ. ಮನುಷ್ಯ ಊರು ಬಿಡುತ್ತಾನೆ, ಸಮುದ್ರದ ಓಲಾಟಕ್ಕೆ ವಾಂತಿ ಮಾಡಿಕೊಳ್ಳುತ್ತಾನೆ, ಪರದೇಶದವರಿಗೆಲ್ಲ ಬೇಯಿಸಿ ಹಾಕುತ್ತಾನೆ, ತನ್ನ ಊಟ ಮಾತ್ರ ರುಚಿಸದೆ ಒದ್ದಾಡುತ್ತಾನೆ. ಸಮುದ್ರವನ್ನೇ ಕಾಣದ ಕೆಳಮನೆಯವಳು ದಿನವೂ ಬಂದು ಹೊಸ್ತಿಲ ಬಳಿ ಕೂರುತ್ತಿದ್ದಳು. ಬರಲಾಗದ ದಿನ ಒಗೆಯುವ ಕಲ್ಲಿನಿಂದಲೇ ಕತ್ತೆತ್ತಿ, "ದಡಾ ಮುಟ್ಟಿದನೇನ್ರಿ ಸರ?" ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದರೆ ನನ್ನನ್ನೇ ಬೈಯುತ್ತಿದ್ದಳು.

"ನಿಮ್ಮ ಓದು ಪಾಸಿಂಜರ್ ಗಾಡಿ ಅದ ನೋಡ್ರಿ. ಎಲ್ಲಾ ಟೇಸನ್ನಿಗೂ ನಿಂದರತದ."

ನಿಜ. ಓದಿನ ನಡುವೆ ನಾನು ಎದ್ದು ಹೋಗುತ್ತಲೇ ಇದ್ದೆ. ಬೇಗ ಮುಗಿಸಬೇಕೆಂಬ ಅವಸರ ಒಂದು ಕಡೆ, ಮುಗಿಸಿಬಿಟ್ಟರೆ ಅವರ ಮಾತಿಗೆ ಒಪ್ಪಿಗೆ ಕೊಟ್ಟಂತಾಗುತ್ತದೆಂಬ ಹಟ ಇನ್ನೊಂದು ಕಡೆ. ಇದು ನಾನು ಆಗಲೇ ಯೋಚಿಸಿದ್ದೋ ಈಗ ಹೊಳೆದದ್ದೋ ಹೇಳಲಾರೆ.

ಹಡಗು ಬಂದರಿನ ಹೊರಗೆ ಒಳಬರಲು ಅಪ್ಪಣೆಗಾಗಿ ಕಾಯುತ್ತಿತ್ತು. ಒಂದೇ ಅಧ್ಯಾಯ ಉಳಿದಿತ್ತು. ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಸಾಕಷ್ಟು ಸಮಯವಿತ್ತು. ಅವಳ ಬೆರಳುಗಳು ತಣ್ಣಗಿದ್ದವು.

ನನ್ನ ಮೊದಲ ಬರಹದಲ್ಲಿ ಇಲ್ಲಿಂದ ಮುಂದೆ ಹೀಗಿತ್ತು. ಕೆಳಮನೆಯವಳು ಆಟೋ ತರಲು ಓಡಿದಳು. ಹೆಂಡತಿ, ಓದಿ, ಎಂದಳು. ನಾನು ನಿಂತುಕೊಂಡೇ ಕೊನೆಯ ಅಧ್ಯಾಯ ಓದಿದೆ. ಅಡುಗೆಯವನು ದಡಕ್ಕಿಳಿದು ಮನೆಗೆ ಬರುತ್ತಾನೆ. ಅವನ ಹೆಂಡತಿ ಬಾಗಿಲು ತೆಗೆದವಳು ಏನನ್ನೂ ಕೇಳದೆ ಒಲೆಯ ಮುಂದೆ ಕೂತು ಬಿಸಿ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯದ ಜೊತೆ ತಟ್ಟೆಗೆ ಹಾಕುತ್ತಾಳೆ. ಊರವರಿಗೆಲ್ಲ ಬೇಯಿಸಿ ಹಾಕಿದವನು ಅಂದು ಕೂತು ಉಣ್ಣುತ್ತಾನೆ. ಆ ಮುಕ್ತಾಯವನ್ನು ಎಷ್ಟು ಜನರಿಗೆ ಹೇಳಿದ್ದೇನೋ. ತರಗತಿಯಲ್ಲೂ ಹೇಳಿದ್ದೇನೆ, ಬರವಣಿಗೆಯೆಂದರೆ ಹೀಗಿರಬೇಕು ಎಂದು.

ನನ್ನ ಹೆಂಡತಿ ನಕ್ಕದ್ದು ಇದಕ್ಕೇ.

"ಕರಾವಳಿಯವನಿಗೆ ಮನೇಲಿ ಜೋಳದ ರೊಟ್ಟಿ, ಪುಂಡಿಪಲ್ಯ ಯಾರ್ರೀ ಮಾಡಿಕೊಡ್ತಾರೆ?"

ಇಷ್ಟು ವರ್ಷ ಎಲ್ಲರ ಮಾತಿನಲ್ಲೂ ಬಿರುಕು ಹುಡುಕಿದವನಿಗೆ ಇದು ಕಂಡಿರಲಿಲ್ಲ.

ಅವಳ ನೆನಪಿನಂತೆ ನಾನು ಏನನ್ನೂ ಓದಲಿಲ್ಲ. ಎದುರಿಗೇ ಇದ್ದ ಬೀಗದ ಕೈಗಾಗಿ ಹುಡುಕಾಡುತ್ತಿದ್ದೆ. ಕೆಳಮನೆಯವಳು ಆಟೋ ನಿಲ್ಲಿಸಿ ಮೇಲೆ ಬಂದವಳು, ನೆಲಕ್ಕೆ ಬಿದ್ದಿದ್ದ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಕುಂಕುಮ ಹಚ್ಚಿ, ಗುಣುಗುಟ್ಟಿದಂತೆ ಮಂಗಳ ಹಾಡಿದಳು. "ದಡಾ ಮುಟ್ಟಿದ, ನಡೀರಿ ಅಕ್ಕಾರ," ಎಂದಳು. ಆಟೋ ಕೆರೆಯ ಬದಿಯ ರಸ್ತೆಯಲ್ಲಿ ಕಂಟೋನ್ಮೆಂಟಿನ ಆಸ್ಪತ್ರೆಯ ಕಡೆ ಹೊರಟಿತು. ದಾರಿಯುದ್ದಕ್ಕೂ ಅವಳು ನನ್ನ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಕಥೆ ಹೇಳುತ್ತ ಹೋದಳು. ಹಡಗಿನವನು ಇಳಿದ, ಹೆಂಡತಿ ರೊಟ್ಟಿ ಬಡಿದಳು, ಅವನು ಉಂಡ. ನೋವು ಬಂದಾಗೆಲ್ಲ ಇನ್ನೊಂದು ರೊಟ್ಟಿ ಬಡಿಸಿದಳು.

"ನೀವು ಡ್ರೈವರ್ ಪಕ್ಕ ಒಂದು ಕಾಲು ಹೊರಗಿಟ್ಕೊಂಡು ಕೂತಿದ್ರಿ. ನಿಮಗೆ ಕೇಳಿಸ್ತಿದೆ ಅಂತಾನೂ ನಂಗೆ ಗೊತ್ತಿರ್ಲಿಲ್ಲ," ಎಂದಳು ಹೆಂಡತಿ.

ನನಗೂ ಗೊತ್ತಿರಲಿಲ್ಲ. ನನಗೆ ನೆನಪಿರುವುದು ಕೆರೆಯ ವಾಸನೆ, ಮತ್ತೆ ಸಂಜೆಯ ಹೊತ್ತಿಗೆ ಬಾಗಿಲ ಒಳಗಿಂದ ಬಂದ ಅಳು. ಸಣ್ಣ ಮಗು, ತೂಕ ಸಾಲದು, ಆದರೆ ಗಟ್ಟಿಯಾಗಿ ಅಳುತ್ತಿದೆ ಎಂದು ನರ್ಸ್ ಹೇಳಿದರು. ಕೆಳಮನೆಯವಳು ಕಾರಿಡಾರಿನ ನೆಲದ ಮೇಲೆ ಕೂತಿದ್ದಳು. ಅವಳು ಆಗ ಏನೆಂದಳೋ ನೆನಪಿಲ್ಲ. ಮುಂದಿನ ವರ್ಷ ಗಂಡನ ಕೆಲಸ ಕೆ.ಆರ್. ಪುರದ ಕಡೆಗೆ ಹೋಯಿತು, ಅವರು ಕೋಣೆ ಖಾಲಿ ಮಾಡಿದರು.

ಪುಸ್ತಕ ಇನ್ನೂ ನಮ್ಮಲ್ಲೇ ಇದೆ. ಆಸ್ಪತ್ರೆಯ ಓಡಾಟದಲ್ಲಿ ಹಿಂದಿರುಗಿಸಲು ಮರೆತಿದ್ದೆ, ನೆನಪಾಗುವಷ್ಟರಲ್ಲಿ ಅಂಗಡಿಯೇ ಮುಚ್ಚಿತ್ತು. ಎದ್ದು ಹೋಗಿ ಕಪಾಟಿನಿಂದ ತೆಗೆದೆ. ರಟ್ಟಿನ ಮೇಲೆ ಮಾಸಿದ ಕೆಂಪು ಕಲೆಯೊಂದಿದೆ. ಕುಂಕುಮವಿರಬಹುದು, ಇನ್ನೇನೋ ಇರಬಹುದು. ಹೆಂಡತಿಯ ನೆನಪನ್ನು ಮಾತ್ರ ಯಾಕೆ ನಂಬಬೇಕು? ಕೊನೆಯ ಅಧ್ಯಾಯ ಓದಿದರೆ ಒಂದಾದರೂ ಇತ್ಯರ್ಥವಾಗುತ್ತದೆ. ಪುಟ ತಿರುವಿ ಆ ಅಧ್ಯಾಯಕ್ಕೆ ಬಂದೆ.

"ಓದ್ಬೇಡಿ," ಎಂದಳು ಹೆಂಡತಿ. "ಮಂಗಳ ಆಗಿದೆ."

ಅವಳ ಮುಖ ನೋಡಿದೆ. ಈಗ ನಗುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಗಳು ಫೋನಿನಲ್ಲಿ ಯಾರ ಜೊತೆಗೋ ಜೋರಾಗಿ ಜಗಳವಾಡುತ್ತಿದ್ದಳು. ಸ್ವಲ್ಪ ಹೊತ್ತು ಪುಸ್ತಕದೊಳಗೆ ಬೆರಳಿಟ್ಟುಕೊಂಡು ಹಾಗೆಯೇ ನಿಂತಿದ್ದೆ. ಆಮೇಲೆ ಬೆರಳು ತೆಗೆದು ಪುಸ್ತಕವನ್ನು ಇದ್ದಲ್ಲಿಯೇ ಇಟ್ಟೆ.