ನಾನು ಹೊಡೆದುಹಾಕಿಸಿದ ಅನುಮಾನ

೧೯೬೧ನೇ ಇಸವಿ, ಡಿಸೆಂಬರಿನ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ. ಅರಸೀಕೆರೆಯ ನಮ್ಮ ಖಾಸಗಿ ಮಿಡ್ಲ್‌ಸ್ಕೂಲಿನ ಹೆಡ್ಮಾಸ್ಟರ ಕೋಣೆ. ಹಾಜರಿದ್ದವರು ಶಾಲಾ ಕಮಿಟಿಯ ಅಧ್ಯಕ್ಷರಾದ ಕೊಬ್ಬರಿ ಮಂಡಿ ಸಾಹುಕಾರರು, ಹೆಡ್ಮಾಸ್ಟರು, ಹೇಳಿಕೆ ಬರೆದುಕೊಳ್ಳಲು ಗುಮಾಸ್ತ ಶಿವಣ್ಣ, ಡ್ರಿಲ್ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು ಮತ್ತು ನಾನು. ನನಗಾಗ ಇಪ್ಪತ್ತನಾಲ್ಕು ವರ್ಷ, ಅದೇ ಶಾಲೆಯಲ್ಲಿ ಟೀಚರು.

ವಿಚಾರಣೆ ಡ್ರಾಯಿಂಗ್ ಮೇಷ್ಟ್ರ ಮೇಲೆ. ಹಿಂದಿನ ವಾರ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆವು. ಹಳೇಬೀಡಿನ ಗುಡಿಯ ಹಿಂಬದಿಯ ಜಗಲಿಯ ಮೇಲೆ ಅವರು ಬೀಡಿ ಸೇದಿದರೆಂದು ದೂರು. ಅವರದು ಹಂಗಾಮಿ ಕೆಲಸ. ದೂರು ನಿಜವೆಂದಾದರೆ ಸೋಮವಾರದಿಂದ ಬರಬೇಕಾಗಿಲ್ಲ. ಆ ಜಾಗಕ್ಕೆ ಸಾಹುಕಾರರ ಅಕ್ಕನ ಮಗ ಕಾದು ಕೂತಿದ್ದ.

ಆ ವರ್ಷ ನಾನು ಖಾಸಗಿಯಾಗಿ ಬಿ.ಎ.ಗೆ ಕಟ್ಟಿದ್ದೆ. ತತ್ತ್ವಶಾಸ್ತ್ರ ತೆಗೆದುಕೊಂಡಿದ್ದೆ. ದಿನಾ ಐದಕ್ಕೆ ಎದ್ದು, ಸ್ನಾನ ಮುಗಿಸಿ, ಒಂದು ಗಂಟೆ ಓದು. ಹೇಳಿಕೊಡುವವರು ಯಾರೂ ಇರಲಿಲ್ಲ. ಒಂದು ವಿಷಯ ನಮಗೆ ಗೊತ್ತು ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಕಣ್ಣಾರೆ ಕಂಡರೆ ಅದು ಪ್ರತ್ಯಕ್ಷ. ಕಂಡದ್ದರಿಂದ ಕಾಣದ್ದನ್ನು ತಿಳಿದರೆ ಅನುಮಾನ. ನಂಬತಕ್ಕವರು ಹೇಳಿ ತಿಳಿದರೆ ಶಬ್ದ. ಪುಸ್ತಕದಲ್ಲಿ ಅಲ್ಲಿಯವರೆಗೆ ಬಂದಿದ್ದೆ, ಅಷ್ಟಕ್ಕೇ ತಲೆ ಎತ್ತಿ ನಡೆಯುತ್ತಿದ್ದೆ. “ಏನ್ ಟೀಚರ್, ಇವತ್ತಾದ್ರೂ ಸತ್ಯ ಸಿಕ್ತಾ?” ಎಂದು ಡ್ರಿಲ್ ಮೇಷ್ಟ್ರು ದಿನಾ ರೇಗಿಸುತ್ತಿದ್ದರು.

ಒಳಗೆ ಹೋಗುವ ಮುಂಚೆ ಡ್ರಾಯಿಂಗ್ ಮೇಷ್ಟ್ರು ವರಾಂಡದಲ್ಲಿ ನನ್ನನ್ನು ತಡೆದರು.

“ನಾನು ಸೇದಲಿಲ್ಲ ಅಂತ ಒಂದು ಮಾತು ಹೇಳ್ಬಿಡಿ ಟೀಚರ್. ನೀವು ಹೇಳಿದ್ರೆ ನಂಬ್ತಾರೆ.”

“ನಾನು ನಿಮ್ಮ ಜೊತೆ ಇರಲಿಲ್ಲವಲ್ಲ ಮೇಷ್ಟ್ರೇ. ಕಂಡಷ್ಟು ಹೇಳ್ತೀನಿ.”

“ಮನೇಲಿ ಮೂರು ಮಕ್ಕಳಿದಾವೆ ಕಣ್ರೀ.”

ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ಸಾಹುಕಾರರು ಮೊದಲು ಡ್ರಿಲ್ ಮೇಷ್ಟ್ರನ್ನು ಕೇಳಿದರು. “ಸೇದಿದ್ದು ನಿಜ” ಎಂದರು ಅವರು.

“ನೀವು ನೋಡಿದಿರಾ?” ಎಂದು ನಾನು ಕೂತಲ್ಲಿಂದಲೇ ಕೇಳಿದೆ.

“ನಾನೆಲ್ಲಿ ನೋಡ್ದೆ? ಮಕ್ಕಳಿಗೆ ನೀರು ಕುಡಿಸ್ತಿದ್ದೆ. ಬಸ್ಸಲ್ಲಿ ನೀವೇ ಹೇಳಿದ್ರಲ್ಲ, ಗುಡಿ ಹಿಂದೆ ಹೊಗೆ ಕಂಡೆ, ಮೇಷ್ಟ್ರು ಆ ಕಡೆ ಹೋಗಿದ್ರು ಅಂತ.”

ಎಲ್ಲರೂ ನನ್ನ ಕಡೆ ತಿರುಗಿದರು. ವಾರವೆಲ್ಲ ಊರು ಸುತ್ತಿದ ಮಾತು ಹೊರಟದ್ದು ನನ್ನ ಬಾಯಿಂದಲೇ.

ಎದ್ದು ನಿಂತೆ. “ಹೊಗೆ ಏಳ್ತಿದ್ದದ್ದು ಕಂಡೆ. ಅದು ಪ್ರತ್ಯಕ್ಷ. ಅಲ್ಲಿ ಏನೋ ಉರೀತಿತ್ತು ಅನ್ನೋದು ಅನುಮಾನ. ಅಷ್ಟೇ.”

“ನೋಡಿದ್ರಾ,” ಸಾಹುಕಾರರು ಮೇಜು ತಟ್ಟಿದರು. “ಟೀಚರಮ್ಮನಿಗೂ ಅನುಮಾನ ಐತೆ. ಬರ್ಕೊಳಯ್ಯ ಶಿವಣ್ಣ.”

ಶಿವಣ್ಣ ಬರೆದೇಬಿಟ್ಟರು. ಗಟ್ಟಿಯಾಗಿ ಓದಿದರು: ‘ಡ್ರಾಯಿಂಗ್ ಮಾಸ್ತರರ ಮೇಲೆ ನನಗೂ ಅನುಮಾನವಿದೆ.’

ಡ್ರಾಯಿಂಗ್ ಮೇಷ್ಟ್ರು ತಲೆ ತಗ್ಗಿಸಿದರು. ನಾನು ಬೆಳಗಿನ ಜಾವ ಕಲಿತ ಪದ ಅವರ ಕುತ್ತಿಗೆಗೆ ಬಂದಿತ್ತು.

“ಆ ಅನುಮಾನ ಬೇರೆ, ನಾನು ಹೇಳಿದ ಅನುಮಾನ ಬೇರೆ. ಹೊಡೆದುಹಾಕಿ” ಎಂದೆ.

“ಅನುಮಾನದಲ್ಲೂ ಒಳಪಂಗಡ ಅವೇನಮ್ಮ?” ಸಾಹುಕಾರರು ನಕ್ಕರು. ಡ್ರಿಲ್ ಮೇಷ್ಟ್ರೂ ನಕ್ಕರು.

ಹೆಡ್ಮಾಸ್ಟರು ಮೆಲ್ಲಗೆ, “ಸಹಿ ಹಾಕಿಬಿಡಮ್ಮ. ನಿನ್ನ ಪರೀಕ್ಷೆಗೆ ರಜ ಮಂಜೂರು ಮಾಡಬೇಕಾದೋರು ಅವರೇ” ಎಂದರು.

“ರಜ ಬೇಡ ಸಾರ್. ಹೊಗೆ ಕಂಡೆ, ಅದನ್ನ ಬರೀಲಿ. ಗುಡಿ ಕಾವಲುಗಾರ ತರಗೆಲೆ ಸುಡ್ತಿದ್ದನೋ, ಯಾರಾದ್ರೂ ಬೀಡಿ ಸೇದ್ತಿದ್ದರೋ, ಹೊಗೆ ಮೇಲೆ ಹೆಸರು ಬರೆದಿರಲಿಲ್ಲ. ಮೇಷ್ಟ್ರು ಸೇದಿಲ್ಲ ಅಂತಾನೂ ನಾನು ಹೇಳಲ್ಲ. ಸೇದಿದ್ದು ಕಂಡೋರು ಯಾರಾದ್ರೂ ಇದ್ರೆ ಎದ್ದು ನಿಲ್ಲಲಿ.”

ಯಾರೂ ಏಳಲಿಲ್ಲ. ಸಾಹುಕಾರರು ಡ್ರಿಲ್ ಮೇಷ್ಟ್ರ ಮುಖ ನೋಡಿದರು, ಅವರು ಕಿಟಕಿಯ ಕಡೆ ನೋಡಿದರು. ಕೊನೆಗೆ ಸಾಹುಕಾರರು ಶಲ್ಯ ಕೊಡವಿ, “ಓದ್ಕೊಂಡೋರ ಸಾವಾಸ” ಎನ್ನುತ್ತ ಹೊರಟುಹೋದರು.

ಡ್ರಾಯಿಂಗ್ ಮೇಷ್ಟ್ರ ಕೆಲಸ ಉಳಿಯಿತು. ನನಗೆ ರಜ ಸಿಗಲಿಲ್ಲ. ಪರೀಕ್ಷೆಯನ್ನು ಮರುವರ್ಷ ಬರೆದು ಪಾಸಾದೆ. ತಾವು ಕೇಳಿಕೊಂಡ ಮಾತು ಹೇಳಲಿಲ್ಲವೆಂದು ಡ್ರಾಯಿಂಗ್ ಮೇಷ್ಟ್ರು ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವರು ಸೇದಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯೂ ಇಲ್ಲ. ‘ಎಲ್ಲರಿಗೂ ಗೊತ್ತು’ ಎಂದು ಯಾರಾದರೂ ಮಾತು ಶುರುಮಾಡಿದರೆ ಈ ವಯಸ್ಸಿನಲ್ಲೂ ‘ನೀವು ನೋಡಿದಿರಾ?’ ಎಂದು ಕೇಳುತ್ತೇನೆ. ಮನೆಗೆ ಬಂದವರು ಇದರಿಂದ ಮುನಿಸಿಕೊಂಡದ್ದೂ ಉಂಟು. ಮುನಿಸಿಕೊಳ್ಳಲಿ.

ಆ ದಿನ ಕೊನೆಯ ಕೆಲಸವೊಂದು ಉಳಿದಿತ್ತು. ಎಲ್ಲರೂ ಹೋದ ಮೇಲೆ ಶಿವಣ್ಣ ನನ್ನ ಹೇಳಿಕೆಯ ಮೇಲೆ ತೆಳ್ಳಗೆ ಒಂದು ಗೆರೆ ಎಳೆದರು. ಅಕ್ಷರಗಳು ಇನ್ನೂ ಓದಲು ಬರುತ್ತಿದ್ದವು.

“ಇನ್ನೊಂದು ಸಲ ಎಳೀರಿ ಶಿವಣ್ಣ” ಎಂದೆ.

ಎಳೆದರು. ಅದರ ಕೆಳಗೆ ‘ಹೊಗೆ ಕಂಡೆ’ ಎಂದಷ್ಟೇ ಬರೆಸಿ, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದೆ.