ಮದೀನಾದಿಂದ ಮಕಾಸ್ಸರಿಗೆ ಹದಿನಾರು ಗಂಟೆ

ಬೋನೆ ಊರಿನ ಮೀನುಪೇಟೆಯಲ್ಲಿ ಅರ್ಧ ಆಯುಸ್ಸು ಕಳೆದ ರೋಸ್ಮಿನಿ ಕರುಳು, ನೊಣ, ಕೊಳೆನೀರು ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ಹೇಸಿಗೆಯೆಂದರೇನೆಂದು ಅವಳಿಗೆ ತಿಳಿದದ್ದು ಹಜ್ ಮುಗಿಸಿ ತಾಯಿಯೊಂದಿಗೆ ಮರಳುವ ವಿಮಾನದಲ್ಲಿ, ಅತ್ತರಿನ ಘಾಟಿನ ನಡುವೆ.

ತಾಯಿ ಇ ಸಾಬೆಗೆ ಎಂಬತ್ತು ಸಮೀಪಿಸಿತ್ತು. ಮೂತ್ರ ತಡೆಯುವ ಶಕ್ತಿ ಉಳಿದಿರಲಿಲ್ಲ. ಆದರೂ ಮಕ್ಕಾದಲ್ಲಿ ಒಮ್ಮೆಯೂ ಬಟ್ಟೆ ಕೆಡಿಸಿಕೊಳ್ಳದೆ ನಮಾಜು ಮಾಡಿದ್ದಳು. “ಊರು ಮುಟ್ಟೋವರೆಗೂ ಹೀಗೇ ಶುದ್ಧವಾಗಿರ್ಬೇಕು ಮಗಳೇ. ನಂಗೆ ಇನ್ನೇನೂ ಬೇಡ” ಎಂದಿದ್ದಳು.

ಹಜ್ ತಂಡದ ಯಜಮಾನಿಕೆ ಜವಳಿ ಅಂಗಡಿಯ ಅಂದಿ ತೆನ್ರಿಯದು. ಟಿಕೆಟ್ಟು ನೋಡಿ ಅವಳು ಸಾರಿಬಿಟ್ಟಳು: ಮದೀನಾ ಬಿಡುವುದು ರಾತ್ರಿ ಹತ್ತಕ್ಕೆ, ತಮ್ಮ ಸೀಮೆಯ ಮಕಾಸ್ಸರ್ ಸೇರುವುದು ಮರುದಿನ ಮಧ್ಯಾಹ್ನ ಎರಡಕ್ಕೆ, ಒಂಬತ್ತು ಸಾವಿರ ಕಿಲೋಮೀಟರಿಗೆ ಹದಿನಾರು ಗಂಟೆ. ಎರಡು ಊರಿನ ಗಡಿಯಾರಗಳಿಗೆ ಐದು ಗಂಟೆಯ ಅಂತರವಿರುವುದು ಯಾರಿಗೂ ಹೊಳೆಯಲಿಲ್ಲ. ಹೇಗೂ ಬೇಕಾದಷ್ಟು ಹೊತ್ತಿದೆಯೆಂದು ರೋಸ್ಮಿನಿಯೂ ವಿಮಾನದಲ್ಲಿ ತಾಯಿಯನ್ನು ಶೌಚಕ್ಕೆ ಎಬ್ಬಿಸದೆ ಮಲಗಿದಳು.

ಹನ್ನೊಂದೇ ಗಂಟೆಯಲ್ಲಿ ಮುಗಿಯುವ ಹಾರಾಟ ಅದು. ಇನ್ನೇನು ಇಳಿಯುತ್ತೇವೆಂಬ ಘೋಷಣೆ ಕೇಳಿದ್ದೇ ಹೆಂಗಸರೆಲ್ಲ ಚೀಲ ಹಿಡಿದು ಶೌಚಾಲಯಗಳಿಗೆ ನುಗ್ಗಿದರು. ಊರ ರೂಢಿಯಂತೆ ಹೊಸ ಹಾಜಿಗಳು ಜರಿ, ಚಮಕಿ, ಚಿನ್ನ ಹೇರಿಕೊಂಡು ಮದುಮಗಳಂತೆ ಇಳಿಯಬೇಕಲ್ಲ. ದೇವರ ಮುಂದೆ ಬಿಳಿ ಬಟ್ಟೆಯಲ್ಲಿ ಅತ್ತವರು ಈಗ ಕನ್ನಡಿಗಾಗಿ ಮೊಣಕೈ ತಿವಿದಾಡಿದರು.

ತಾಯಿಯನ್ನು ತಬ್ಬಿಕೊಂಡು ರೋಸ್ಮಿನಿ ಬಾಗಿಲು ಬಡಿದಳು. ಒಳಗಿದ್ದದ್ದು ತೆನ್ರಿ.

“ಅಮ್ಮಂಗೆ ಅರ್ಜೆಂಟು. ಸ್ವಲ್ಪ ಹೊರಗೆ ಬನ್ನಿ.”

“ಒಂದು ಕಣ್ಣಿಗೆ ಕಾಡಿಗೆ ಹಚ್ಚಿ ಬರೋಕಾಗುತ್ತಾ? ತಡ್ಕೋ.”

ಮುದುಕಿಗೆ ತಡೆದುಕೊಳ್ಳಲಾಗಲಿಲ್ಲ. ತೆನ್ರಿ ಹೊರಬಂದವಳು ನೆಲ ನೋಡಿ, ಜರಿಯಂಚು ಎತ್ತಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ದಾಟಿದಳು. ಅಷ್ಟರಲ್ಲಿ ಪಟ್ಟಿ ಬಿಗಿದು ಕೂರಬೇಕೆಂಬ ಆಜ್ಞೆ ಬಂತು. ತೊಳೆಯೋಣವೆಂದರೆ ಒಳಗೆ ನೀರು ಮುಗಿದಿತ್ತು, ಹೊತ್ತೂ ಇರಲಿಲ್ಲ. ಕೈಚೀಲದಲ್ಲಿ ಒಣಗಿದ್ದ ಬಟ್ಟೆಯೆಂದರೆ ರೋಸ್ಮಿನಿ ತನಗಾಗಿ ಹೊಲಿಸಿಕೊಂಡಿದ್ದ ಚಮಕಿಯ ಕೆಂಪು ನಿಲುವಂಗಿ ಮಾತ್ರ. ಅದನ್ನೇ ತೊಡಿಸಿದಳು. ತಾನೂ ಇಂಥದ್ದನ್ನೇ ಹೊತ್ತು ತಂದಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು. ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಹೊರಗೆ ಎರಡು ಬಸ್ಸು ತುಂಬ ನೆಂಟರು ಕಾದಿದ್ದರು. ಕೆಂಪಾಗಿ ಮಿನುಗುವ ಮುದುಕಿಯನ್ನು ಕಂಡು, ಹಜ್ ಮುಗಿಸಿದ ಹಿರಿಯರಿಗೆ ಸಲ್ಲುವ ಪುವಾಂಗ್ ಅಜಿ ಎಂಬ ಬಿರುದಿನಿಂದ ಕರೆದು, ಮತ್ತೆ ಮದುವಣಗಿತ್ತಿಯಾದರೆಂದು ನಕ್ಕರು. ಪುಣ್ಯ ಹಂಚಿಕೊಳ್ಳಲೆಂದು ಕೈಗೆ ಮುತ್ತಿಡಲು ಮುಗಿಬಿದ್ದರು.

“ಮುಟ್ಬೇಡಿ. ನಾನು ಶುದ್ಧವಾಗಿಲ್ಲ” ಎಂದು ಇ ಸಾಬೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

“ನೋಡಿದ್ರಾ, ಎಂಥ ವಿನಯ” ಎಂದು ಮುದುಕಿಯ ತಂಗಿಯ ಮಗ ಆ ಕೈಯನ್ನು ಎಳೆದು ಮುತ್ತಿಟ್ಟ. ಜನ ಅಲ್ಲಾಹನ ಹೆಸರೆತ್ತಿ ಕೊಂಡಾಡಿದರು.

ಮುದುಕಿಯ ಗಂಟಲಿನಿಂದ ವಾಂತಿ ಬಂದವರ ಸದ್ದು ಹೊರಟಿತು. ರೋಸ್ಮಿನಿ ಮೀನುಪೇಟೆಯ ಮೊಣಕೈಯಿಂದ ಆ ಸೋದರಸಂಬಂಧಿಯ ಎದೆಗೇ ತಿವಿದು ದಾರಿ ಬಿಡಿಸಿಕೊಂಡಳು. ನಲ್ಲಿ ಎಲ್ಲಿದೆಯೆಂದು ಮಾತ್ರ ಕೇಳಿದಳು.